ಉದ್ರಿ ಪಟ್ಟಿಯಲ್ಲಿ ಇಡೀ ಸಾಲು ಕೆಂಪಾಗಲು: ಕಂಡೀಷನಲ್ ಫಾರ್ಮ್ಯಾಟಿಂಗ್ ಹಂತ ಹಂತವಾಗಿ

ಕಂಡೀಷನಲ್ ಫಾರ್ಮ್ಯಾಟಿಂಗ್, ಅಂದರೆ ಷರತ್ತು ನೋಡಿ ಎಕ್ಸೆಲ್ ತಾನೇ ಸೆಲ್‌ಗೆ ಬಣ್ಣ ಹಾಕುವ ಸೌಲಭ್ಯ. ಇದರ ಬಗ್ಗೆ ನನ್ನನ್ನು ಕೇಳುವ ಪ್ರಶ್ನೆಗಳು ಸುತ್ತಿ ಬಳಸಿ ನಾಲ್ಕೇ. "ಸಾಲು ಪೂರ್ತಿ ಕೆಂಪಾಗಬೇಕಿತ್ತು, ಒಂದೇ ಸೆಲ್ ಆಯ್ತು." "ಹಾಳೆ ಪೂರ್ತಿ ಕೆಂಪಾಗಿ ಕೂತಿದೆ." "ಬಣ್ಣ ಒಂದು ಸಾಲು ಕೆಳಗೆ ಬರ್ತಿದೆ." "ಏನೂ ಆಗ್ತಾನೇ ಇಲ್ಲ." ನಾಲ್ಕೂ ಸಲ ಜನ ಬಣ್ಣದ ಪೆಟ್ಟಿಗೆಯಲ್ಲೇ ತಪ್ಪು ಹುಡುಕುತ್ತಾರೆ. ತಪ್ಪು ಇರುವುದು ಅದಕ್ಕಿಂತ ಮೊದಲಿನ ಹಂತಗಳಲ್ಲಿ.

ಶೀಟ್‌ಗೆ ಬಣ್ಣದ ಬುದ್ಧಿ ಇಲ್ಲ. ನೀವು ಕೊಟ್ಟ ಷರತ್ತು ಈ ಸೆಲ್‌ಗೆ ಹೌದೋ ಅಲ್ಲವೋ ಅಂತ ಮಾತ್ರ ಅದು ನೋಡುತ್ತದೆ. ಹೌದು ಅಂದರೆ ಬಣ್ಣ, ಅಲ್ಲ ಅಂದರೆ ಇಲ್ಲ. ಹಾಗಾಗಿ ಕೆಳಗಿನ ಹಂತಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬಣ್ಣ ಹಾಕುವ ಮೊದಲಿನ ಕೆಲಸ. ಅವನ್ನು ಹಾರಿಸಿ ಮುಂದೆ ಹೋಗಬೇಡಿ.

ಉದಾಹರಣೆಗೆ ಒಂದು ಹಾರ್ಡ್‌ವೇರ್ ಅಂಗಡಿಯ ಉದ್ರಿ ಪಟ್ಟಿ ಇಟ್ಟುಕೊಳ್ಳೋಣ. ವಾಯಿದೆ ಮೀರಿದ ಗಿರಾಕಿಯ ಸಾಲು ಕೆಂಪು, ಇನ್ನೊಂದು ವಾರದಲ್ಲಿ ವಾಯಿದೆ ಬರುವವರದು ಹಳದಿ, ಹಣ ಕೊಟ್ಟವರದು ಬೂದು. ಎಕ್ಸೆಲ್ ಹಿಡಿದು ಹೇಳುತ್ತೇನೆ. ಗೂಗಲ್ ಶೀಟ್ಸ್ ಬೇರೆಯಾಗುವ ಕಡೆ ಅಲ್ಲಲ್ಲೇ ಹೇಳುತ್ತೇನೆ.

ಇನ್ನೊಂದು ಮಾತು. ಸೂತ್ರಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಎ, ಬಿ, ಸಿ ಎಂದರೆ ಕಾಲಂನ ತಲೆಯ ಮೇಲೆ ಕಾಣುವ ಇಂಗ್ಲಿಷ್ ಅಕ್ಷರಗಳೇ. ಟುಡೇ, ಆ್ಯಂಡ್ ಮುಂತಾದವನ್ನೂ ಶೀಟ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

## ಶುರು ಮಾಡುವ ಮೊದಲು

ಕಂಪ್ಯೂಟರ್ ಬೇಕು. ಮೊಬೈಲಿನಲ್ಲಿ ಬಣ್ಣವೇನೋ ಕಾಣುತ್ತದೆ, ಆದರೆ ನಿಯಮ ಕೂರಿಸುವ ಕೆಲಸವನ್ನು ಆ ಸಣ್ಣ ಪರದೆಯಲ್ಲಿ ಮಾಡಲು ಹೋದರೆ ತಾಳ್ಮೆ ಕೆಡುತ್ತದೆ. ಎಕ್ಸೆಲ್ 2007 ಅಥವಾ ಆಮೇಲಿನದು ಇರಲಿ. 2003ರ ಆವೃತ್ತಿಯಲ್ಲಿ ಒಂದು ಸೆಲ್‌ಗೆ ಮೂರೇ ಷರತ್ತು ಹಾಕಬಹುದಿತ್ತು.

ಫೈಲ್‌ನ ಒಂದು ಕಾಪಿ ತೆಗೆದಿಡಿ. ಪಟ್ಟಿಯ ಬಲಕ್ಕೆ ಒಂದು ಖಾಲಿ ಕಾಲಂ ಇರಲಿ, ಪರೀಕ್ಷೆಗೆ ಬೇಕಾಗುತ್ತದೆ.

## 1. ಕಾಲಂಗಳನ್ನು ಸರಿಯಾಗಿ ಕೂರಿಸಿ

ಒಂದನೇ ಸಾಲಿನಲ್ಲಿ ತಲೆಬರಹ, ಎರಡನೇ ಸಾಲಿನಿಂದ ಲೆಕ್ಕ. ಎ ಕಾಲಂನಲ್ಲಿ ಗಿರಾಕಿಯ ಹೆಸರು, ಬಿಯಲ್ಲಿ ಊರು, ಸಿಯಲ್ಲಿ ಬಾಕಿ ಮೊತ್ತ, ಡಿಯಲ್ಲಿ ವಾಯಿದೆ ತಾರೀಕು, ಇಯಲ್ಲಿ ಹಣ ಬಂದ ತಾರೀಕು. ಹಣ ಬರುವ ತನಕ ಇ ಖಾಲಿ.

ನಡುವೆ ಮರ್ಜ್ ಮಾಡಿದ (ಹಲವನ್ನು ಒಂದಾಗಿ ಸೇರಿಸಿದ) ಸೆಲ್‌ಗಳಿದ್ದರೆ ಬಿಡಿಸಿಬಿಡಿ. "ಜನವರಿ ಬಾಕಿ" ಅಂತ ಅಡ್ಡಲಾಗಿ ಒಂದು ಪಟ್ಟಿ ಎಳೆಯುವ ಅಭ್ಯಾಸ ಬಹಳ ಜನಕ್ಕಿದೆ. ನೋಡಲು ಚೆಂದ, ಆದರೆ ಮುಂದೆ ಬರುವ ಪ್ರತಿ ಹಂತದಲ್ಲೂ ಕಾಲಿಗೆ ತೊಡರುತ್ತದೆ.

## 2. ತಾರೀಕು ನಿಜವಾಗಿ ತಾರೀಕೇನಾ ನೋಡಿ

ಜಾಸ್ತಿ ಜನ ಬೀಳುವುದು ಇಲ್ಲೇ. ಬಿದ್ದಿದ್ದು ಗೊತ್ತೂ ಆಗುವುದಿಲ್ಲ.

ಎಕ್ಸೆಲ್ ಒಳಗೆ ತಾರೀಕು ಎಂದರೆ ಒಂದು ಸಂಖ್ಯೆ. 1900ರ ಜನವರಿ 1 ಅದಕ್ಕೆ 1, ಮರುದಿನ 2, ಹೀಗೆ ಎಣಿಸಿಕೊಂಡು ಬರುತ್ತದೆ. ಸಂಖ್ಯೆಯಾಗಿದ್ದರೆ ಮಾತ್ರ "ಇವತ್ತಿಗಿಂತ ಹಿಂದಿನದಾ" ಎಂಬ ಹೋಲಿಕೆ ಸಾಧ್ಯ. ನೀವು ಬರೆದದ್ದನ್ನು ಅದು ತಾರೀಕು ಅಂತ ಗುರುತಿಸದಿದ್ದರೆ ಸುಮ್ನೆ ಅಕ್ಷರದ ಸಾಲಾಗಿ ಇಟ್ಟುಕೊಳ್ಳುತ್ತದೆ.

ಗುರುತು ಸುಲಭ. ಡಿ ಕಾಲಂನ ಅಗಲ ಸ್ವಲ್ಪ ಹೆಚ್ಚಿಸಿ. ನಿಜವಾದ ತಾರೀಕು ಬಲಗಡೆಗೆ ಅಂಟಿಕೊಳ್ಳುತ್ತದೆ, ಅಕ್ಷರವಾಗಿ ಕೂತದ್ದು ಎಡಗಡೆಗೆ. ನೀವೇ ಅಲೈನ್‌ಮೆಂಟ್ ಬದಲಿಸಿದ್ದರೆ ಅದನ್ನು ಮೊದಲು ತೆಗೆಯಿರಿ, ಇಲ್ಲದಿದ್ದರೆ ಈ ಗುರುತು ಸಿಗುವುದಿಲ್ಲ.

ಕೆಲವು ಬಲಕ್ಕೆ, ಕೆಲವು ಎಡಕ್ಕೆ ಇದ್ದರೆ ಎಚ್ಚರ. ಕಂಪ್ಯೂಟರಿನ ರೀಜನ್ ಅಮೆರಿಕದ್ದು ಇರಬಹುದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು 13/04/2025 ಎಂದು ಬರೆದರೆ ಹದಿಮೂರನೇ ತಿಂಗಳು ಇಲ್ಲವಲ್ಲ, ಅದಕ್ಕೆ ಅಕ್ಷರವಾಗಿ ಉಳಿಯುತ್ತದೆ. 05/04/2025 ಎಂದು ಬರೆದರೆ ತಕರಾರಿಲ್ಲದೆ ಮೇ 4 ಆಗಿ ಕೂರುತ್ತದೆ. ಇದು ಮೊದಲನೆಯದಕ್ಕಿಂತ ಕೆಟ್ಟದ್ದು, ನೋಡಿದರೆ ಸರಿಯಾಗೇ ಕಾಣುತ್ತದೆ ಅಲ್ವಾ?

ಪರಿಹಾರ ಹೀಗೆ:

ಮೊದಲು ವಿಂಡೋಸ್‌ನ ರೀಜನ್ ಅನ್ನು ಇಂಗ್ಲಿಷ್ (ಇಂಡಿಯಾ) ಮಾಡಿ. ಗೂಗಲ್ ಶೀಟ್ಸ್ ಆದರೆ ಫೈಲ್ → ಸೆಟ್ಟಿಂಗ್ಸ್ → ಲೊಕೇಲ್‌ನಲ್ಲಿ ಇಂಡಿಯಾ ಆರಿಸಿ.

ಆಮೇಲೆ ಎಕ್ಸೆಲ್‌ನಲ್ಲಿ ಡಿ ಕಾಲಂ ಆರಿಸಿ, ಡೇಟಾ → ಟೆಕ್ಸ್ಟ್ ಟು ಕಾಲಮ್ಸ್ ಒತ್ತಿ. ಎರಡು ಸಲ ನೆಕ್ಸ್ಟ್. ಮೂರನೇ ಪರದೆಯಲ್ಲಿ ಡೇಟ್ ಆರಿಸಿ, ಪಕ್ಕದಲ್ಲಿ ಡಿಎಂವೈ (ದಿನ, ತಿಂಗಳು, ವರ್ಷ) ಹಾಕಿ ಫಿನಿಶ್ ಮಾಡಿ. ಎಡಕ್ಕಿದ್ದವು ಬಲಕ್ಕೆ ಸರಿಯುತ್ತವೆ.

ಕೊನೆಗೆ ತಿಂಗಳ ಹೆಸರು ಕಾಣುವ ಡೇಟ್ ಫಾರ್ಮ್ಯಾಟ್ ಕೊಟ್ಟು, ಅಂಗಡಿಯ ಉದ್ರಿ ಪುಸ್ತಕ ಪಕ್ಕದಲ್ಲಿಟ್ಟುಕೊಂಡು ಒಂದು ಸಲ ಕಣ್ಣಾಡಿಸಿ. ತಿರುವುಮುರುವಾಗಿ ಕೂತವನ್ನು ಕೈಯಿಂದಲೇ ತಿದ್ದಬೇಕು. ಅಡ್ಡದಾರಿ ಹುಡುಕಬೇಡಿ.

## 3. ಮೊತ್ತದಿಂದ ಬಾಲ ಕತ್ತರಿಸಿ

ನಮ್ಮವರಿಗೆ 800/- ಎಂದು ಬರೆಯದಿದ್ದರೆ ಸಮಾಧಾನ ಇಲ್ಲ. ಪುಸ್ತಕದಲ್ಲಿ ಅದು ಸರಿ. ಶೀಟ್‌ನಲ್ಲಿ ಆ ಗೀಟು ಹಾಕಿದ ಕೂಡಲೇ ಸಂಖ್ಯೆ ಹೋಗಿ ಅಕ್ಷರ ಆಗುತ್ತದೆ. "ರೂ. 800" ಎಂದು ಬರೆದರೂ ಅದೇ ಕಥೆ.

ಇದರಿಂದ ಆಗುವ ತಮಾಷೆ ನೋಡಿ. ಎಕ್ಸೆಲ್ ಹೋಲಿಕೆ ಮಾಡುವಾಗ ಅಕ್ಷರವನ್ನು ಯಾವತ್ತೂ ಸಂಖ್ಯೆಗಿಂತ ದೊಡ್ಡದು ಎಂದೇ ಎಣಿಸುತ್ತದೆ. "ಮೊತ್ತ 5000ಕ್ಕಿಂತ ಜಾಸ್ತಿಯಾ" ಎಂದು ಸೂತ್ರದಲ್ಲಿ ಕೇಳಿದರೆ 800/- ಕೂಡ ಹೌದು ಎನ್ನುತ್ತದೆ. ನಾನು ಮೊದಲ ಸಲ ಇದಕ್ಕೆ ಸಿಕ್ಕಿದಾಗ ಸೂತ್ರವನ್ನೇ ಐದಾರು ಸಲ ಬದಲಿಸಿದ್ದೆ. ಸೂತ್ರ ಸರಿಯಾಗೇ ಇತ್ತು.

ಸಿ ಕಾಲಂನಲ್ಲಿ ಬರೀ ಅಂಕಿ ಇರಲಿ. ಕಂಟ್ರೋಲ್ ಮತ್ತು ಎಚ್ ಒತ್ತಿ, ಫೈಂಡ್‌ನಲ್ಲಿ /- ಹಾಕಿ, ರಿಪ್ಲೇಸ್ ಖಾಲಿ ಬಿಟ್ಟು ರಿಪ್ಲೇಸ್ ಆಲ್ ಮಾಡಿ. ಸಿ ಕಾಲಂ ಮಾತ್ರ ಆರಿಸಿಕೊಂಡಿದ್ದೀರಿ ತಾನೇ? ರೂಪಾಯಿ ಚಿಹ್ನೆ ಬೇಕಿದ್ದರೆ ಸೆಲ್‌ನ ನಂಬರ್ ಫಾರ್ಮ್ಯಾಟ್‌ನಿಂದ ತರಿಸಿಕೊಳ್ಳಿ, ಕೈಯಿಂದ ಬರೆಯಬೇಡಿ.

## 4. ಒಂದೇ ಕಾಲಂಗೆ ಬಣ್ಣ ಸಾಕಾ? ಹಾಗಿದ್ದರೆ ಸೂತ್ರ ಬೇಡ

ಬರೀ ಮೊತ್ತದ ಕಾಲಂನಲ್ಲಿ ದೊಡ್ಡ ಬಾಕಿ ಎದ್ದು ಕಾಣಬೇಕು, ಅಷ್ಟೇ ಅಂದರೆ ಸಿ2ರಿಂದ ಸಿ500ರ ತನಕ ಆರಿಸಿ. ಹೋಮ್ → ಕಂಡೀಷನಲ್ ಫಾರ್ಮ್ಯಾಟಿಂಗ್ → ಹೈಲೈಟ್ ಸೆಲ್ಸ್ ರೂಲ್ಸ್ → ಗ್ರೇಟರ್ ದ್ಯಾನ್. 10000 ಎಂದು ಹಾಕಿ ಓಕೆ. ಮುಗಿಯಿತು.

ಒಂದೇ ಹೆಸರು ಎರಡು ಸಲ ಬಂದಿದೆಯಾ ನೋಡಲು ಅದೇ ಜಾಗದಲ್ಲಿ ಡೂಪ್ಲಿಕೇಟ್ ವ್ಯಾಲ್ಯೂಸ್ ಇದೆ. ಇವಕ್ಕೆ ಈ ಮಾರ್ಗದರ್ಶಿಯ ಅಗತ್ಯವೇ ಇಲ್ಲ. ತೊಂದರೆ ಶುರುವಾಗುವುದು ಒಂದು ಕಾಲಂ ನೋಡಿ ಇಡೀ ಸಾಲಿಗೆ ಬಣ್ಣ ಕೊಡಬೇಕಾದಾಗ.

## 5. ಷರತ್ತನ್ನು ಮೊದಲು ಪಕ್ಕದ ಕಾಲಂನಲ್ಲಿ ಬರೆದು ನೋಡಿ

ಖಾಲಿ ಬಿಟ್ಟ ಕಾಲಂ ಈಗ ಬಳಕೆಗೆ ಬರುತ್ತದೆ. ಜಿ2 ಸೆಲ್‌ನಲ್ಲಿ ಹೀಗೆ ಬರೆಯಿರಿ:

=$ಡಿ2<ಟುಡೇ()

ಎಂಟರ್ ಒತ್ತಿದರೆ ಟ್ರೂ ಅಥವಾ ಫಾಲ್ಸ್ ಬರುತ್ತದೆ. ಕೆಳಗಿನ ತನಕ ಎಳೆಯಿರಿ. ಈಗ ಪ್ರತಿ ಸಾಲಿನ ಉತ್ತರ ಕಣ್ಣೆದುರು ಇದೆ. ಟ್ರೂ ಬಂದ ಸಾಲುಗಳೇ ನಿಯಮ ಕೂರಿಸಿದ ಮೇಲೆ ಕೆಂಪಾಗುವವು.

ನೋಡುತ್ತಾ ಹೋದರೆ ಎರಡು ಎಡವಟ್ಟು ಕಾಣುತ್ತವೆ. ಒಂದು, ವಾಯಿದೆ ಬರೆಯದ ಸಾಲಿನಲ್ಲೂ ಟ್ರೂ. ಖಾಲಿ ಸೆಲ್ ಎಂದರೆ ಹೋಲಿಕೆಯಲ್ಲಿ ಸೊನ್ನೆ, ಸೊನ್ನೆ ಎಲ್ಲ ತಾರೀಕಿಗಿಂತ ಹಿಂದಿನದು. ಎರಡು, ಹಣ ಕೊಟ್ಟವರೂ ಟ್ರೂ. ಅವರ ಮೇಲೆ ಕೆಂಪು ಬಿದ್ದು, ಅದನ್ನು ನೋಡಿ ಹುಡುಗ ಫೋನ್ ಮಾಡಿದರೆ ಗಿರಾಕಿ ಬೈಯದೆ ಇರುತ್ತಾರಾ?

ಅದಕ್ಕೆ ಮೂರು ಮಾತನ್ನು ಸೇರಿಸಿ ಕೇಳಬೇಕು: ವಾಯಿದೆ ಖಾಲಿ ಇಲ್ಲ, ಹಣ ಬಂದಿಲ್ಲ, ವಾಯಿದೆ ಇವತ್ತಿಗಿಂತ ಹಿಂದಿನದು.

=ಆ್ಯಂಡ್($ಡಿ2<>"",$ಇ2="",$ಡಿ2<ಟುಡೇ())

ವಾಯಿದೆ ಇವತ್ತೇ ಇದ್ದರೆ ಇದು ಫಾಲ್ಸ್ ಕೊಡುತ್ತದೆ. ಸಂಜೆ ತನಕ ಕಾಯುವುದು ನ್ಯಾಯ ಅಂತ ನನ್ನ ಲೆಕ್ಕ. ಇವತ್ತಿನದೂ ಕೆಂಪಾಗಬೇಕು ಅಂದರೆ < ಬದಲು <= ಹಾಕಿ.

ಎರಡನೇ ಹಂತ ಹಾರಿಸಿದ್ದರೆ ಈಗ ಸಿಕ್ಕಿಬೀಳುತ್ತೀರಿ. ಅಕ್ಷರವಾಗಿ ಕೂತ ತಾರೀಕು ಯಾವಾಗಲೂ ಇವತ್ತಿಗಿಂತ "ದೊಡ್ಡದು", ಹಾಗಾಗಿ ಆ ಸಾಲು ಯಾವತ್ತೂ ಫಾಲ್ಸ್. ಸುಮ್ಮನೆ ಕೆಂಪಾದ ಸಾಲು ಕಣ್ಣಿಗೆ ಬೀಳುತ್ತದೆ, ತಿದ್ದುತ್ತೀರಿ. ಕೆಂಪಾಗಬೇಕಿದ್ದು ಆಗದೆ ಉಳಿದ ಸಾಲನ್ನು ಯಾರೂ ನೋಡುವುದಿಲ್ಲ. ದುಡ್ಡು ಹೋಗುವುದು ಅಲ್ಲಿ.

## 6. ಡಾಲರ್ ಎಲ್ಲಿರಬೇಕು, ಎಲ್ಲಿರಬಾರದು

ಇದೊಂದು ಅರ್ಥವಾದರೆ ಮಿಕ್ಕದ್ದೆಲ್ಲ ಸಲೀಸು. ಡಾಲರ್ ಚಿಹ್ನೆಗೂ ದುಡ್ಡಿಗೂ ಸಂಬಂಧ ಇಲ್ಲ. ಅದು ಗೂಟ. ಯಾವುದರ ಮುಂದೆ ಹೊಡೆಯುತ್ತೀರೋ ಅದು ಅಲ್ಲಾಡುವುದಿಲ್ಲ.

ನೀವು ಒಂದೇ ಸೂತ್ರ ಬರೆಯುತ್ತೀರಿ, ಶೀಟ್ ಅದನ್ನು ಎಲ್ಲ ಸೆಲ್‌ಗೂ ಒಂದೊಂದಾಗಿ ಕೇಳುತ್ತದೆ. ಬಲಕ್ಕೆ ಸರಿದಾಗ ಕಾಲಂ ಅಕ್ಷರ ಮುಂದೆ ಹೋಗುತ್ತದೆ, ಕೆಳಗೆ ಸರಿದಾಗ ಸಾಲಿನ ಸಂಖ್ಯೆ ಹೆಚ್ಚುತ್ತದೆ. ನಮಗೆ ಬೇಕಾದ್ದೇನು? ಹೆಸರಿನ ಸೆಲ್ ಆಗಲಿ, ಊರಿನ ಸೆಲ್ ಆಗಲಿ, ಎಲ್ಲವೂ ಡಿ ಕಾಲಂ ಕಡೆಗೇ ನೋಡಬೇಕು. ಆದರೆ ಪ್ರತಿ ಸಾಲೂ ತನ್ನ ತನ್ನ ಡಿಯನ್ನು ನೋಡಬೇಕು. ಅಂದರೆ ಅಕ್ಷರಕ್ಕೆ ಗೂಟ, ಸಂಖ್ಯೆಗೆ ಬೇಡ: $ಡಿ2.

ಗೂಟ ತಪ್ಪಿದರೆ ಏನಾಗುತ್ತದೆ ನೋಡಿ.

ಡಿ2 ಎಂದು ಬರೆದರೆ ಎ ಸೆಲ್ ಡಿಯನ್ನು ನೋಡುತ್ತದೆ, ಬಿ ಸೆಲ್ ಇಯನ್ನು, ಸಿ ಸೆಲ್ ಎಫ್ ಅನ್ನು. ಒಂದು ಸೆಲ್ ಮಾತ್ರ ಕೆಂಪು, ಇಲ್ಲವೇ ಸಂಬಂಧವಿಲ್ಲದ ಕಡೆ ಚುಕ್ಕೆ ಚುಕ್ಕೆ ಬಣ್ಣ.

$ಡಿ$2 ಎಂದು ಬರೆದರೆ ಇಡೀ ಪಟ್ಟಿ ಎರಡನೇ ಸಾಲಿನ ಗಿರಾಕಿಯನ್ನೇ ದಿಟ್ಟಿಸುತ್ತದೆ. ಅವರು ವಾಯಿದೆ ಮೀರಿದ್ದರೆ ಊರಿಗೆ ಊರೇ ಕೆಂಪು, ಇಲ್ಲದಿದ್ದರೆ ಯಾರೂ ಇಲ್ಲ.

ಈ ಎರಡನೇ ತಪ್ಪನ್ನು ಎಕ್ಸೆಲ್ ನಿಮ್ಮ ಕೈಯಿಂದ ಮಾಡಿಸುತ್ತದೆ. ನಿಯಮದ ಪೆಟ್ಟಿಗೆಯಲ್ಲಿ ಸೂತ್ರ ಬರೆಯುವಾಗ ಸೆಲ್ ಮೇಲೆ ಕ್ಲಿಕ್ ಮಾಡಿದರೆ ಅದು ತಾನಾಗಿ ಎರಡೂ ಕಡೆ ಡಾಲರ್ ಹಾಕುತ್ತದೆ. ಎಫ್4 ಒತ್ತುತ್ತಾ ಹೋಗಿ, ಡಾಲರ್ ಜಾಗ ಬದಲಾಗುತ್ತದೆ. ಅಥವಾ ಕ್ಲಿಕ್ ಮಾಡದೆ ಟೈಪ್ ಮಾಡಿ.

## 7. ನಿಯಮ ಕೂರಿಸಿ

ಈಗ ಬಣ್ಣ. ಕ್ರಮ ತಪ್ಪಬೇಡಿ.

ಮೊದಲು ಜಾಗ ಆರಿಸಿ. ಮೌಸ್‌ನಿಂದ ಎಳೆಯುವ ಬದಲು ಎಡ ಮೂಲೆಯ ನೇಮ್ ಬಾಕ್ಸ್‌ನಲ್ಲಿ ಎ2:ಇ500 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಕಾರಣ ಇದೆ. ಎಕ್ಸೆಲ್ ನಿಮ್ಮ ಸೂತ್ರವನ್ನು ಆಗ ಚಾಲ್ತಿಯಲ್ಲಿರುವ ಸೆಲ್‌ಗೆ ಬರೆದದ್ದು ಎಂದುಕೊಳ್ಳುತ್ತದೆ. ಕೆಳಗಿನಿಂದ ಮೇಲಕ್ಕೆ ಎಳೆದು ಆರಿಸಿದರೆ ಚಾಲ್ತಿ ಸೆಲ್ ಕೆಳಗಿನದು, ಆಗ ಲೆಕ್ಕವೆಲ್ಲ ಪಲ್ಲಟ. ನೇಮ್ ಬಾಕ್ಸ್‌ನಲ್ಲಿ ಬರೆದರೆ ಎ2 ಚಾಲ್ತಿಯಲ್ಲಿರುತ್ತದೆ.

ತಲೆಬರಹದ ಸಾಲನ್ನು ಸೇರಿಸಬೇಡಿ. ಜಾಗ ಎರಡನೇ ಸಾಲಿನಿಂದ ಶುರುವಾದರೆ ಸೂತ್ರದಲ್ಲೂ 2. ಐದರಿಂದ ಶುರುವಾದರೆ 5. ಈ ಎರಡು ಅಂಕಿ ಒಂದೇ ಇರಲೇಬೇಕು.

ಆಮೇಲೆ ಹೋಮ್ → ಕಂಡೀಷನಲ್ ಫಾರ್ಮ್ಯಾಟಿಂಗ್ → ನ್ಯೂ ರೂಲ್. ಪಟ್ಟಿಯ ಕೊನೆಯಲ್ಲಿರುವ "ಯೂಸ್ ಎ ಫಾರ್ಮುಲಾ" ಎಂದು ಶುರುವಾಗುವ ಸಾಲು ಆರಿಸಿ. ಪರೀಕ್ಷಿಸಿದ ಸೂತ್ರವನ್ನು ಜಿ2ರಿಂದ ಕಾಪಿ ಮಾಡಿ ಅಂಟಿಸಿ. ಸೆಲ್ ಅನ್ನಲ್ಲ, ಮೇಲುಗಡೆಯ ಸೂತ್ರದ ಪಟ್ಟಿಯಲ್ಲಿ (ಫಾರ್ಮುಲಾ ಬಾರ್) ಕಾಣುವ ಅಕ್ಷರಗಳನ್ನು.

ಫಾರ್ಮ್ಯಾಟ್ ಒತ್ತಿ, ಫಿಲ್‌ನಲ್ಲಿ ತೆಳು ಕೆಂಪು ಆರಿಸಿ, ಓಕೆ. ಗಾಢ ಕೆಂಪು ಹಾಕಿದರೆ ಮೇಲಿನ ಕಪ್ಪು ಅಕ್ಷರ ಓದಲು ಬರುವುದಿಲ್ಲ.

ಗೂಗಲ್ ಶೀಟ್ಸ್‌ನಲ್ಲಿ ಫಾರ್ಮ್ಯಾಟ್ → ಕಂಡೀಷನಲ್ ಫಾರ್ಮ್ಯಾಟಿಂಗ್. ಬಲಗಡೆ ತೆರೆಯುವ ಪಟ್ಟಿಯಲ್ಲಿ ಅಪ್ಲೈ ಟು ರೇಂಜ್‌ಗೆ ಎ2:ಇ500, ಫಾರ್ಮ್ಯಾಟ್ ಸೆಲ್ಸ್ ಇಫ್‌ನ ಕೊನೆಯಲ್ಲಿ ಕಸ್ಟಮ್ ಫಾರ್ಮುಲಾ ಈಸ್. ಸೂತ್ರ ಅದೇ.

ಪೆಟ್ಟಿಗೆಯಲ್ಲಿ ತಿದ್ದಲು ಬಾಣದ ಕೀ ಒತ್ತಿದರೆ ಎಕ್ಸೆಲ್ ಬೇಡದ ಸೆಲ್ ವಿಳಾಸಗಳನ್ನು ತುರುಕುತ್ತದೆ. ಮೊದಲು ಎಫ್2 ಒತ್ತಿ, ಆಮೇಲೆ ಬಾಣ ನೆಟ್ಟಗೆ ನಡೆಯುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಯಾರೋ ಕಳಿಸಿದ ಸೂತ್ರ ಅಂಟಿಸಿದರೆ ಉದ್ಧರಣ ಚಿಹ್ನೆ ಬಾಗಿದ್ದು ಬಂದಿರಬಹುದು. ಅದನ್ನು ಅಳಿಸಿ ಕೀಬೋರ್ಡಿನಿಂದ ನೆಟ್ಟನೆಯದು ಹಾಕಿ.

## 8. ಹಳದಿ, ಬೂದು, ಮತ್ತು ಯಾರು ಮೇಲೆ

ಹಳದಿಗೆ, ಅದೇ ಜಾಗ ಆರಿಸಿ:

=ಆ್ಯಂಡ್($ಇ2="",$ಡಿ2>=ಟುಡೇ(),$ಡಿ2<=ಟುಡೇ()+7)

ಇಲ್ಲಿ ಖಾಲಿ ವಾಯಿದೆಯನ್ನು ಬೇರೆ ಕೇಳಬೇಕಿಲ್ಲ. ಸೊನ್ನೆ ಇವತ್ತಿಗಿಂತ ದೊಡ್ಡದಾಗುವುದಿಲ್ಲವಲ್ಲ.

ಬೂದಿಗೆ:

=$ಇ2<>""

ಒಂದೇ ಸಾಲಿಗೆ ಎರಡು ನಿಯಮ ಹೌದು ಎಂದರೆ ಮೇಲಿರುವ ನಿಯಮದ ಬಣ್ಣ ಗೆಲ್ಲುತ್ತದೆ. ಎಕ್ಸೆಲ್‌ನಲ್ಲಿ ಹೊಸದಾಗಿ ಮಾಡಿದ್ದು ಮೇಲೆ ಹೋಗಿ ಕೂರುತ್ತದೆ. ಬದಲಿಸಲು ಮ್ಯಾನೇಜ್ ರೂಲ್ಸ್‌ನಲ್ಲಿ ಬಾಣದ ಗುಂಡಿಗಳಿವೆ, ಗೂಗಲ್ ಶೀಟ್ಸ್‌ನಲ್ಲಿ ಎಳೆದು ಸರಿಸಬಹುದು. ನಮ್ಮ ಮೂರು ಸೂತ್ರಗಳು ಒಂದರ ಮೇಲೊಂದು ಬರುವುದೇ ಇಲ್ಲ, ಹಾಗಾಗಿ ಕ್ರಮ ಏನಿದ್ದರೂ ನಡೆಯುತ್ತದೆ. (ಐದನೇ ಹಂತದಲ್ಲಿ ಇವತ್ತಿನದನ್ನೂ ಕೆಂಪಿಗೆ ಸೇರಿಸಿದ್ದರೆ ಮಾತ್ರ ಕೆಂಪು ಹಳದಿಗಿಂತ ಮೇಲಿರಲಿ.) ನಿಯಮ ಬರೆಯುವಾಗಲೇ ಹೀಗೆ ಬೇರೆ ಬೇರೆ ಮಾಡಿಬಿಡುವುದು ನನಗೆ ಇಷ್ಟ. ಕ್ರಮದ ಮೇಲೆ ನಿಂತ ಪಟ್ಟಿಯನ್ನು ಆರು ತಿಂಗಳ ಮೇಲೆ ಬೇರೆಯವರು ತೆರೆದರೆ ಅವರಿಗೆ ತಲೆಬುಡ ತಿಳಿಯುವುದಿಲ್ಲ.

## 9. ಕನ್ನಡ ಪದ ನೋಡಿ ಬಣ್ಣ ಕೊಡುವುದಾದರೆ

ಕೆಲವರು ತಾರೀಕಿನ ಬದಲು "ಬಾಕಿ", "ಬಂತು" ಎಂದು ಬರೆಯುತ್ತಾರೆ. ಆಗ ಸೂತ್ರ =$ಇ2="ಬಾಕಿ" ಎಂದಾಗುತ್ತದೆ. ಈ ಪದವನ್ನು ಮಾತ್ರ ಕನ್ನಡದಲ್ಲೇ ಬರೆಯಬೇಕು.

ಹಳೆಯ ಫೈಲ್ ಆದರೆ ಹುಷಾರು. ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಫಾಂಟ್‌ನಲ್ಲಿ ಬರೆದಿದ್ದರೆ ನಿಮಗೆ ಕಾಣುವುದು ಕನ್ನಡ, ಸೆಲ್ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಗೋಜಲು. ಯೂನಿಕೋಡ್‌ನಲ್ಲಿ ಬರೆದ "ಬಾಕಿ" ಅದಕ್ಕೆ ಹೊಂದುವುದೇ ಇಲ್ಲ. ಪತ್ತೆ ಹಚ್ಚಲು ಆ ಸೆಲ್‌ನ ಫಾಂಟ್ ಅನ್ನು ಏರಿಯಲ್ ಮಾಡಿ ನೋಡಿ. ಕನ್ನಡ ಮಾಯವಾಗಿ ಗೊಂದಲ ಕಂಡರೆ ಮೊದಲು ಯೂನಿಕೋಡ್‌ಗೆ ಬದಲಿಸಿಕೊಳ್ಳಿ.

ಇನ್ನು ಒಬ್ಬರು "ಬಂತು", ಇನ್ನೊಬ್ಬರು "ಬಂದಿದೆ" ಎಂದು ಬರೆದರೆ ಶೀಟ್‌ಗೆ ಎರಡೂ ಬೇರೆ. ಡೇಟಾ → ಡೇಟಾ ವ್ಯಾಲಿಡೇಷನ್ → ಲಿಸ್ಟ್ ಹಾಕಿ, ಆರಿಸಲು ಎರಡೇ ಪದ ಕೊಡಿ.

## 10. ಮಾಡಿದ್ದು ಕೆಡದಂತೆ

ಮೊದಲ ದಿನ ಚೆನ್ನಾಗಿದ್ದ ಬಣ್ಣ ತಿಂಗಳಲ್ಲಿ ಹದಗೆಡುವುದು ಕಾಪಿ ಪೇಸ್ಟ್‌ನಿಂದ. ಸೆಲ್ ಕಾಪಿ ಮಾಡಿದರೆ ಅದರ ಜೊತೆ ನಿಯಮವೂ ಹೋಗುತ್ತದೆ. ನೂರು ಸಲ ಹೀಗೆ ಮಾಡಿದ ಮೇಲೆ ಮ್ಯಾನೇಜ್ ರೂಲ್ಸ್ ತೆರೆದು, ಮೇಲುಗಡೆ ದಿಸ್ ವರ್ಕ್‌ಶೀಟ್ ಆರಿಸಿ ನೋಡಿ. ಒಂದೇ ನಿಯಮ ಹತ್ತು ಹದಿನೈದು ತುಂಡಾಗಿ ಬಿದ್ದಿರುತ್ತದೆ. ಒಂದನ್ನು ಉಳಿಸಿ ಮಿಕ್ಕವನ್ನು ಅಳಿಸಿ. ಉಳಿದದ್ದರ ಅಪ್ಲೈಸ್ ಟು ಜಾಗದಲ್ಲಿ ಪೂರ್ತಿ ಎ2:ಇ500 ಹಾಕಿ, ಸೂತ್ರದ ಸಾಲು ಸಂಖ್ಯೆ 2 ಇದೆಯಾ ಮತ್ತೆ ನೋಡಿ.

ಇನ್ನು ಮುಂದೆ ಅಂಟಿಸುವಾಗ ಪೇಸ್ಟ್ ಸ್ಪೆಷಲ್ → ವ್ಯಾಲ್ಯೂಸ್ ಬಳಸಿ. ಪಟ್ಟಿ ದಿನಾ ಬೆಳೆಯುವುದಾದರೆ ಕಂಟ್ರೋಲ್ ಮತ್ತು ಟಿ ಒತ್ತಿ ಟೇಬಲ್ ಮಾಡಿಕೊಳ್ಳಿ. ಕೆಳಗೆ ಹೊಸ ಸಾಲು ಸೇರಿದಾಗ ನಿಯಮ ತಾನೇ ಹಿಗ್ಗುತ್ತದೆ.

## ಬಣ್ಣ ತಪ್ಪಿದಾಗ ಎಲ್ಲಿ ನೋಡಬೇಕು

ಬಣ್ಣ ಒಂದು ಸಾಲು ಕೆಳಗೆ ಬರುತ್ತಿದೆ: ಜಾಗ 2ರಿಂದ ಶುರುವಾಗಿದೆ, ಸೂತ್ರದಲ್ಲಿ 1 ಇದೆ. ಒಂದು ಸಾಲು ಮೇಲೆ ಬರುತ್ತಿದ್ದರೆ ಇದರ ಉಲ್ಟಾ.

ತಲೆಬರಹಕ್ಕೂ ಬಣ್ಣ ಬಂದಿದೆ: ಅದನ್ನೂ ಸೇರಿಸಿ ಆರಿಸಿದ್ದೀರಿ. ತಲೆಬರಹ ಇರುವ ಇ1 ಖಾಲಿ ಅಲ್ಲವಲ್ಲ, ಬೂದಿನ ನಿಯಮ ಅದಕ್ಕೂ ಹೌದು ಎನ್ನುತ್ತದೆ. ಮೊತ್ತದ ನಿಯಮವಾದರೆ, ಅಕ್ಷರ ಸಂಖ್ಯೆಗಿಂತ ದೊಡ್ಡದು ಎಂಬ ಮಾತು ನೆನಪಿದೆಯಲ್ಲ.

ಏನೂ ಆಗುತ್ತಿಲ್ಲ: ಮ್ಯಾನೇಜ್ ರೂಲ್ಸ್‌ನಲ್ಲಿ ಸೂತ್ರ ಪೂರ್ತಿ ಉದ್ಧರಣ ಚಿಹ್ನೆಯೊಳಗೆ ಕಾಣುತ್ತಿದೆಯಾ? ಮುಂದಿನ = ಮರೆತಿದ್ದೀರಿ. ಎಕ್ಸೆಲ್ ಅದನ್ನು ಸೂತ್ರ ಎನ್ನದೆ ಬರೀ ಅಕ್ಷರವಾಗಿ ಇಟ್ಟುಕೊಂಡಿದೆ.

ಸೂತ್ರದಲ್ಲಿ 1048 ಎಂದು ಶುರುವಾಗುವ ಏಳಂಕಿಯ ಸಾಲು ಸಂಖ್ಯೆ ಕಾಣುತ್ತಿದೆ: ಚಾಲ್ತಿ ಸೆಲ್ ತಪ್ಪಾಗಿತ್ತು. ಹಾಳೆಯಲ್ಲಿರುವುದೇ 10,48,576 ಸಾಲು, ಎಕ್ಸೆಲ್ ಮೇಲಿನಿಂದ ಸುತ್ತು ಹಾಕಿ ಕೊನೆಗೆ ಹೋಗಿದೆ. ನಿಯಮ ಅಳಿಸಿ ಏಳನೇ ಹಂತದಿಂದ ಮತ್ತೆ ಮಾಡಿ.

ಹಣ ಬಾರದ ಸಾಲು ಬೂದಾಗಿದೆ: ಇ ಸೆಲ್‌ನಲ್ಲಿ ಯಾರೋ ಸ್ಪೇಸ್ ಒತ್ತಿದ್ದಾರೆ. ಕಣ್ಣಿಗೆ ಖಾಲಿ, ಶೀಟ್‌ಗೆ ಅಲ್ಲ. ಸೆಲ್ ಆರಿಸಿ ಡಿಲೀಟ್ ಒತ್ತಿ.

ಹಣ ಬಂದರೂ ಕೆಂಪು ಹೋಗುತ್ತಿಲ್ಲ: ಬೂದಿನ ನಿಯಮ ಆ ಸಾಲಿನ ತನಕ ಇಲ್ಲ, ಜೊತೆಗೆ ಹಿಂದೆ ಯಾರೋ ಕೈಯಿಂದ ಬಣ್ಣ ಹಾಕಿದ್ದಾರೆ. ನೋ ಫಿಲ್ ಒತ್ತಿ. ಅದಕ್ಕೂ ಹೋಗದಿದ್ದರೆ ಅದು ನಿಯಮದ ಬಣ್ಣ, ಮ್ಯಾನೇಜ್ ರೂಲ್ಸ್ ನೋಡಿ.

## 11. ಲೆಕ್ಕ ತಾಳೆ ನೋಡಿ

ಜಿ ಕಾಲಂ ಅಳಿಸುವ ಮೊದಲು ಒಂದು ಪರೀಕ್ಷೆ. ಹಣ ಇನ್ನೂ ಕೊಡದ ಒಬ್ಬ ಗಿರಾಕಿಯ ವಾಯಿದೆಯನ್ನು ನಿನ್ನೆಯದು ಮಾಡಿ, ಕೆಂಪಾಗಬೇಕು. ನಾಳೆಯದು ಮಾಡಿ, ಹಳದಿ. ಹಣ ಬಂದ ತಾರೀಕು ಹಾಕಿ, ಬೂದು. ವಾಯಿದೆ, ಹಣ ಬಂದ ತಾರೀಕು ಎರಡನ್ನೂ ಅಳಿಸಿ, ಬಣ್ಣವೇ ಇರಬಾರದು. ಆಮೇಲೆ ನಿಜವಾದ ತಾರೀಕು ವಾಪಸ್ ಹಾಕುವುದು ಮರೆಯಬೇಡಿ.

ಕೆಂಪು ಸಾಲಿನ ಮೊತ್ತ ಕೂಡಬೇಕು ಅಂದರೆ ಬಣ್ಣ ನೋಡಿ ಕೂಡಲು ಹೋಗಬೇಡಿ. ಸಾಮಾನ್ಯ ಸೂತ್ರಗಳಿಗೆ ಬಣ್ಣ ಕಾಣುವುದಿಲ್ಲ. ಅದೇ ಷರತ್ತನ್ನು ಕೊಡಿ:

=ಸಮ್ಇಫ್ಸ್(ಸಿ2:ಸಿ500,ಡಿ2:ಡಿ500,"<"&ಟುಡೇ(),ಇ2:ಇ500,"")

ಕೆಂಪು ಸಾಲುಗಳನ್ನಷ್ಟೇ ನೋಡಬೇಕಿದ್ದರೆ ಎಕ್ಸೆಲ್‌ನ ಫಿಲ್ಟರ್ ಬೈ ಕಲರ್ ನಿಯಮದ ಬಣ್ಣವನ್ನೂ ಗುರುತಿಸುತ್ತದೆ. ಕಪ್ಪು ಬಿಳುಪು ಪ್ರಿಂಟರ್‌ನಲ್ಲಿ ತೆಗೆಯುವವರು ಮಾತ್ರ ಜಿ ಕಾಲಂ ಅಳಿಸದೆ ಹಾಗೇ ಇಟ್ಟುಕೊಳ್ಳಿ. ಕಾಗದದ ಮೇಲೆ ತೆಳು ಕೆಂಪೂ ಬೂದೂ ಒಂದೇ ಥರ ಕಾಣುತ್ತವೆ.